ಅಂದರ್-ಬಾಹರ್: ಐದು ತಾಲ್ಲೂಕುಗಳ ಇಸ್ಪೀಟು, ಯುರೋಪಿನ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಇಸ್ಪೀಟು ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರು ಅಂದರ್-ಬಾಹರ್. ಇದನ್ನು ಹಳ್ಳಿಯ ಚಟವೆಂದು ತಳ್ಳಿಹಾಕುವುದೇ ರೂಢಿ. ಆದರೆ ರಚನೆಯಲ್ಲಿ ಇದು ಯುರೋಪಿನ ಜೂಜುಕೋಣೆಗಳ ಫ್ಯಾರೋ ಆಟಕ್ಕೆ ತೀರ ಹತ್ತಿರದ್ದು. ಆ ಆಟಕ್ಕೆ ಮುನ್ನೂರು ವರ್ಷಗಳ ಹಿಂದೆ ಹಚ್ಚಿದ ಲೆಕ್ಕವನ್ನು ಇದಕ್ಕೂ ಹಚ್ಚಿ ನೋಡಬೇಕೆಂಬುದು ನನ್ನ ವಾದ.

ಅಂದರ್-ಬಾಹರ್‌ನಲ್ಲಿ ಮೊದಲು ಒಂದು ಎಲೆಯನ್ನು ತೆರೆದಿಡುತ್ತಾರೆ. ಆಡುವವರು ಒಳಗೆ ಇಲ್ಲವೇ ಹೊರಗೆ ಹಣ ಕಟ್ಟುತ್ತಾರೆ. ಆಮೇಲೆ ಎರಡೂ ಕಡೆಗೆ ಒಂದೊಂದೇ ಎಲೆ ಬೀಳುತ್ತದೆ. ತೆರೆದಿಟ್ಟ ಎಲೆಯ ಜೋಡಿ ಮೊದಲು ಬಿದ್ದ ಕಡೆಯವರಿಗೆ ಗೆಲುವು. ಫ್ಯಾರೋದಲ್ಲೂ ಎಲೆಗಳು ಎರಡು ಗುಂಪಿಗೆ ಸರದಿಯಂತೆ ಬೀಳುತ್ತವೆ, ಒಂದು ಬ್ಯಾಂಕರನದು, ಇನ್ನೊಂದು ಆಟಗಾರರದು. ಅಲ್ಲಿ ಗುಂಪು ಮೊದಲೇ ಗೊತ್ತು, ಆಟಗಾರ ಎಲೆಯನ್ನು ಆರಿಸುತ್ತಾನೆ; ಇಲ್ಲಿ ಎಲೆ ಮೊದಲೇ ಗೊತ್ತು, ಆಟಗಾರ ಗುಂಪನ್ನು ಆರಿಸುತ್ತಾನೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಇದರಿಂದ ಸಾಧಿಸಲಾಗದು. ಹೋಲಿಕೆ ಮಾತ್ರ ಗಟ್ಟಿ. ಫ್ರಾನ್ಸಿನ ಮೋಂಮೋರ್ 1708ರ ತನ್ನ ಗ್ರಂಥದಲ್ಲಿ ಫ್ಯಾರೋ ಆಡಿಸುವವನ ಲಾಭವನ್ನು ಗಣಿತದಿಂದ ಬಿಡಿಸಿಟ್ಟ.

ಅದೇ ದಾರಿಯಲ್ಲಿ ನಮ್ಮ ಆಟವನ್ನು ಎಣಿಸೋಣ. ಒಂದು ಎಲೆ ತೆರೆದರೆ ಉಳಿಯುವುದು 51, ಅವುಗಳಲ್ಲಿ ಜೋಡಿಯಾಗಬಲ್ಲವು 3. ಆ ಮೂರು ಕೂರಬಹುದಾದ 20,825 ಬಗೆಗಳಲ್ಲಿ 10,725ರಲ್ಲಿ ಮೊದಲ ಎಲೆ ಪಡೆದ ಕಡೆ ಗೆಲ್ಲುತ್ತದೆ, ಅಂದರೆ ಶೇ. 51.5. ಇನ್ನೊಂದು ಕಡೆಗೆ ಶೇ. 48.5. ಕೆಲವು ಕ್ಯಾಸಿನೊಗಳು ಈ ವ್ಯತ್ಯಾಸ ತಿಳಿದೇ ಮೊದಲ ಕಡೆಯ ಗೆಲುವಿಗೆ ನೂರಕ್ಕೆ 90 ರೂಪಾಯಿ ಮಾತ್ರ ಕೊಡುತ್ತವೆ. ಹಾಗಾಗಿ ಆ ಕಡೆ ಕಟ್ಟಿದ ನೂರಕ್ಕೆ ಸರಾಸರಿ 2.15 ರೂಪಾಯಿ, ಗೆದ್ದರೆ ನೂರಕ್ಕೆ ನೂರು ಸಿಗುವ ಇನ್ನೊಂದು ಕಡೆ ಕಟ್ಟಿದ ನೂರಕ್ಕೆ 3 ರೂಪಾಯಿ ಕೈಬಿಡುತ್ತದೆ. ಸಣ್ಣ ಮೊತ್ತವೆನ್ನಿಸುತ್ತದೆ. ಆದರೆ ಸರಾಸರಿ 13ನೇ ಎಲೆಗೆ ಆಟ ಮುಗಿಯುವುದರಿಂದ ಒಂದೇ ಸಂಜೆಗೆ ಹತ್ತಾರು ಸಲ ಹಣ ಕಟ್ಟಬೇಕಾಗುತ್ತದೆ. ಕೂಲಿಯ ದುಡ್ಡು ಕರಗುವುದು ಹೀಗೆ.

ಯುರೋಪಿನ ಎಲ್ಲ ಆಟಗಳೂ ಹೀಗಿಲ್ಲ. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಇನ್ನೊಂದು ಎಲೆ ಬೇಕೋ ಬೇಡವೋ ಎಂದು ಆಟಗಾರನೇ ನಿರ್ಧರಿಸುತ್ತಾನೆ, ಆದ್ದರಿಂದ ಅಲ್ಲಿ ತಂತ್ರಕ್ಕೆ ಎಡೆಯಿದೆ. ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಅದನ್ನು ಪುಸ್ತಕವಾಗಿಸಿದರು. ಪುಂಟೊ ಬಾಂಕೊ ಬಗೆಯ ಬಕಾರಾದಲ್ಲಿ ಮೂರನೇ ಎಲೆ ಎಳೆಯುವುದನ್ನೂ ನಿಯಮವೇ ತೀರ್ಮಾನಿಸುತ್ತದೆ. ಅಂದರ್-ಬಾಹರ್ ಬಕಾರಾದ ಪಂಕ್ತಿಯದು.

ಕೌಶಲವೋ ಅದೃಷ್ಟವೋ ಎಂಬ ಈ ಗೆರೆಯ ಮೇಲೆಯೇ ಕಾನೂನೂ ನಿಂತಿತು. ಈ ಸೀಮೆಯ ಮಟ್ಟಿಗೆ ಅದರ ಚರಿತ್ರೆ ವಿಶೇಷವಾದದ್ದು. ಅಂದು ಈ ಸೀಮೆಯಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಇಲ್ಲಿ ಮದ್ರಾಸ್ ಪ್ರಾಂತದ ಆಡಳಿತ, 1930ರ ಮದ್ರಾಸ್ ಗೇಮಿಂಗ್ ಕಾಯ್ದೆ. ಬರೀ ಕೌಶಲದ ಆಟಗಳಿಗೆ ಅದು ವಿನಾಯಿತಿ ಕೊಟ್ಟಿತ್ತು. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ, 1887ರ ಕಾಯ್ದೆ. ಹಗರಿಬೊಮ್ಮನಹಳ್ಳಿಯ ಆಚೆ ದಂಡೆಯಲ್ಲಿ ನಿಜಾಮರ ಫಸಲಿ 1305ರ ಕಾಯ್ದೆ. ಹರಪನಹಳ್ಳಿಯ ದಕ್ಷಿಣಕ್ಕೆ ಮೈಸೂರು ಸಂಸ್ಥಾನ. ಈ ಎಲ್ಲೆಗಳನ್ನು ಅಳಿಸಿ ಒಂದೇ ಕಟ್ಟಳೆ ತಂದದ್ದು 1963ರ ಪೊಲೀಸ್ ಕಾಯ್ದೆ. ಬಯಲಲ್ಲಿ ಎಲೆ ಹಾಕಿದವರ ಮೇಲೆ ಇಂದಿಗೂ ಅದರ 87ನೇ ಕಲಂ ಬೀಳುತ್ತದೆ.

ನಿಜಾಮರ ಆ ಹಳೆಯ ಕಾಯ್ದೆಯಡಿಯ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ರಮ್ಮಿಯಲ್ಲಿ ಯಾವ ಎಲೆ ಬಿತ್ತೆಂದು ನೆನಪಿಡಬೇಕು, ಯಾವುದನ್ನು ಬಿಡಬೇಕೆಂದು ಯೋಚಿಸಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದರು ನ್ಯಾಯಮೂರ್ತಿ ಹಿದಾಯತುಲ್ಲಾ. ಮೂರೆಲೆಯ ಆಟವನ್ನು ಅವರು ಅದೃಷ್ಟದ ಪಾಲಿಗೆ ಬಿಟ್ಟರು. ಅಂದರ್-ಬಾಹರ್‌ನಲ್ಲಿ ನೆನಪಿಡಲು, ಬಿಡಲು ಏನೂ ಇಲ್ಲ.

ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಟ್ಟಿಗೆ ಈ ಗೆರೆಯನ್ನೇ ಅಳಿಸಿದೆ. ಆದರೂ ಅಂದರ್-ಬಾಹರ್ ಗೆಲ್ಲುವ ಉಪಾಯ ಕಲಿಸುತ್ತೇವೆಂದು ನಿಮ್ಮ ಊರಿನ ಹುಡುಗರನ್ನು ಯಾರಾದರೂ ಕರೆದರೆ, ಆ ಉಪಾಯವನ್ನು 51 ಎಲೆಗಳ ಲೆಕ್ಕದ ಮುಂದೆ ಕಾಗದದ ಮೇಲೆ ಬರೆದು ತೋರಿಸಲು ಹೇಳಿ.