ಢಾಕಾಕ್ಕೂ ಮೊದಲಿನ ಕಾಂತತ್ವ: ಕೆ. ಎಸ್. ಕೃಷ್ಣನ್ ಅವರ 1927ರ ಪ್ರಬಂಧವನ್ನು ಕುರಿತು

ಕೆ. ಎಸ್. ಕೃಷ್ಣನ್ (1898–1961) ಅವರ ಸಂಶೋಧನಾ ಜೀವನವನ್ನು ಎರಡು ಹೋಳು ಮಾಡುವುದು ರೂಢಿಯಾಗಿಬಿಟ್ಟಿದೆ. 1928ರವರೆಗೆ ಕಲ್ಕತ್ತೆ, ಗುರು ಸಿ. ವಿ. ರಾಮನ್, ಬೆಳಕಿನ ಚದರಿಕೆ. ಅಲ್ಲಿಂದಾಚೆಗೆ ಢಾಕಾ, ಹರಳುಗಳು, ಕಾಂತತ್ವ. ಗುರುವಿನ ನೆರಳಿನಿಂದ ಹೊರಬರಲು ಶಿಷ್ಯರು ಬೇರೆ ಕ್ಷೇತ್ರ ಹಿಡಿದರೆಂಬ ವಿವರಣೆಯನ್ನೂ ಇದಕ್ಕೆ ಜೋಡಿಸುತ್ತಾರೆ. ಹೀಗೆ ಬರೆದವರು ರಾಮನ್ ಪರಿಣಾಮ ಪತ್ತೆಯಾದ 1928ರ ಫೆಬ್ರವರಿಯ ಕೃಷ್ಣನ್ ದಿನಚರಿಯನ್ನು ಸಾಲು ಸಾಲಾಗಿ ಜಾಲಾಡಿದ್ದಾರೆ. ಅದರ ಹಿಂದಿನ ವರ್ಷದ ಒಂದು ಪ್ರಬಂಧವನ್ನು ಅಷ್ಟೇ ಕಾಳಜಿಯಿಂದ ಓದಿದ್ದರೆ ಈ ಹೋಳು ಮಾಡುವ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಆ ಪ್ರಬಂಧ ರಾಮನ್ ಮತ್ತು ಕೃಷ್ಣನ್ ಇಬ್ಬರ ಹೆಸರಿನಲ್ಲಿ 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪ್ರೊಸೀಡಿಂಗ್ಸ್‌ನಲ್ಲಿ ಅಚ್ಚಾಯಿತು. ವಿಷಯ: ದ್ರವಗಳಲ್ಲಿ ಕಾಂತಕ್ಷೇತ್ರದಿಂದ ಉಂಟಾಗುವ ದ್ವಿವಕ್ರೀಭವನ, ಮೊದಲ ಭಾಗ ಬೆಂಜೀನ್ ಮತ್ತು ಅದರ ಸಂಬಂಧಿಗಳನ್ನು ಕುರಿತದ್ದು. ಬೆಳಕಿನ ಮಾತು ಬಂದಿತೆಂದು ಇದನ್ನು ದೃಗ್ವಿಜ್ಞಾನದ ಪಟ್ಟಿಗೆ ಸೇರಿಸಿ ಮುಂದೆ ಹೋಗುವುದುಂಟು. ಒಳಗಿನ ತರ್ಕವೇ ಬೇರೆ.

ಬೆಂಜೀನಿನಂಥ ದ್ರವವನ್ನು ಪ್ರಬಲ ಕಾಂತಕ್ಷೇತ್ರದಲ್ಲಿಟ್ಟರೆ ಅದರ ಅಣುಗಳು ಅತ್ಯಲ್ಪ ಪ್ರಮಾಣದಲ್ಲಿ ಒಂದು ದಿಕ್ಕಿಗೆ ವಾಲುತ್ತವೆ. ಆಗ ದ್ರವವೂ ಹರಳಿನ ಹಾಗೆ ಬೆಳಕನ್ನು ಎರಡಾಗಿ ವಕ್ರೀಭವಿಸುತ್ತದೆ. ಕಾಟನ್ ಮತ್ತು ಮೂಟಾನ್ 1907ರಲ್ಲಿ ಕಂಡದ್ದು ಇದನ್ನೇ. ಇದರ ಪ್ರಮಾಣ ಎರಡು ಅಂಶಗಳ ಗುಣಲಬ್ಧವನ್ನು ಅವಲಂಬಿಸಿದೆ: ದಿಕ್ಕು ಬದಲಾದಂತೆ ಅಣು ಬೆಳಕಿಗೆ ತೋರುವ ಪ್ರತಿಕ್ರಿಯೆಯ ವ್ಯತ್ಯಾಸ ಒಂದು, ಕಾಂತಕ್ಷೇತ್ರಕ್ಕೆ ತೋರುವ ಪ್ರತಿಕ್ರಿಯೆಯ ವ್ಯತ್ಯಾಸ ಇನ್ನೊಂದು. ಮೊದಲನೆಯದು ಚದರಿದ ಬೆಳಕಿನ ಧ್ರುವೀಕರಣದಿಂದ ಸಿಗುತ್ತದೆ, ಕಲ್ಕತ್ತೆಯ ತಂಡಕ್ಕೆ ಅದು ಕೈಗೆ ಹತ್ತಿದ ಅಳತೆ. ಅದು ಗೊತ್ತಾದ ಮೇಲೆ ಉಳಿಯುವುದು ಅಣುವಿನ ಕಾಂತೀಯ ವ್ಯತ್ಯಾಸ. ಅಂದರೆ ಬೆಳಕಿನ ಚದರಿಕೆಯೇ ಇಲ್ಲಿ ಕಾಂತತ್ವವನ್ನು ಅಳೆಯುವ ಸಾಧನವಾಗಿದೆ.

ಈಗ ಢಾಕಾಕ್ಕೆ ಬರೋಣ. ಗುಹಾ ಮತ್ತು ಬ್ಯಾನರ್ಜಿ ಅವರೊಂದಿಗೆ 1933ರಲ್ಲಿ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್‌ನಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಕೃಷ್ಣನ್ ಎತ್ತಿಕೊಂಡದ್ದು ಅದೇ ಪ್ರಶ್ನೆಯನ್ನು. ದ್ರವದಲ್ಲಿ ಅಣುಗಳು ಕಂಡಕಂಡ ದಿಕ್ಕಿಗೆ ಮುಖಮಾಡಿರುತ್ತವೆ, ಹರಳಿನಲ್ಲಿ ಅವುಗಳ ನಿಲುವು ಖಚಿತ. ಆದ್ದರಿಂದ ಸುತ್ತುಬಳಸಿ ಪಡೆಯುತ್ತಿದ್ದ ಅಂಕಿಯನ್ನು ನೇರವಾಗಿ ಅಳೆಯಬಹುದು. ಅಣುವಿನ ಬೆಲೆಗಳು ಗೊತ್ತಿದ್ದರೆ ಅವು ಹರಳಿನೊಳಗೆ ಯಾವ ಕೋನದಲ್ಲಿ ಕುಳಿತಿವೆಯೆಂದೂ ಹೇಳಬಹುದು.

ಬ್ಯಾನರ್ಜಿ ಅವರ ಜೊತೆ ರೂಪಿಸಿದ ಅಳತೆಯ ಕ್ರಮ ಸರಳ, ಆದರೆ ಕೈ ಬಲು ಹದವಾಗಿರಬೇಕು. ಸಣ್ಣ ಹರಳೊಂದನ್ನು ಕೂದಲಿಗಿಂತ ತೆಳುವಾದ ಸ್ಫಟಿಕ ಶಿಲೆಯ ಎಳೆಗೆ ತೂಗುಬಿಟ್ಟು ಏಕರೂಪದ ಕಾಂತಕ್ಷೇತ್ರದಲ್ಲಿ ನಿಲ್ಲಿಸುತ್ತಾರೆ. ಎಳೆಯ ಮೇಲ್ತುದಿಯನ್ನು ನಿಧಾನವಾಗಿ ತಿರುಚುತ್ತ ಹೋದರೆ ಕ್ಷೇತ್ರ ಹರಳನ್ನು ಹಿಡಿದಿಡುತ್ತದೆ. ಹರಳು ತಡವರಿಸುತ್ತ ಹಿಂದೆ ಬರುತ್ತದೆ. ಅದು ತನ್ನ ನೆಲೆಯಿಂದ 45 ಡಿಗ್ರಿ ಸರಿದಾಗ ಕ್ಷೇತ್ರದ ಹಿಡಿತ ಅದರ ಗರಿಷ್ಠ ಮಿತಿ ತಲುಪುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ತಿರುಚಿದರೂ ಸಾಕು, ಹರಳು ಗಿರ್ರನೆ ತಿರುಗಿಬಿಡುತ್ತದೆ. ಆ ಕ್ಷಣದ ತಿರುಚು ಕೋನವೇ ಬೇಕಾದ ಅಳತೆ. ಇಂಗ್ಲೆಂಡಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರು ಕೃಷ್ಣನ್ ಜೊತೆ 1936ರಲ್ಲಿ ಬರೆದ ಪ್ರಬಂಧ ಹರಳುಗಳ ಈ ಕಾಂತೀಯ ವ್ಯತ್ಯಾಸಕ್ಕೂ ಅಣುರಚನೆಗೂ ಇರುವ ಸಂಬಂಧವನ್ನೇ ಚರ್ಚಿಸುತ್ತದೆ.

ಒಂದು ಆಕ್ಷೇಪವನ್ನು ಮುಂಚಿತವಾಗಿ ಎದುರಿಸಬೇಕು. 1927ರ ಪ್ರಬಂಧದಲ್ಲಿ ರಾಮನ್ ಹೆಸರು ಮೊದಲಿದೆ, ಹಾಗಾಗಿ ಆಲೋಚನೆ ಅವರದೇ ಎನ್ನಬಹುದು. ಇರಲಿ, ಅದರಿಂದ ನನ್ನ ವಾದ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಕೃಷ್ಣನ್ ಢಾಕಾಕ್ಕೆ ಹೋದ ಮೇಲೂ ರಾಮನ್ ಬಳಗದಲ್ಲಿ ಕಾಂತತ್ವ ನಿಲ್ಲಲಿಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಎಸ್. ಭಗವಂತಂ ಅವರು 1929ರಲ್ಲಿ ನ್ಯಾಫ್ತಲೀನ್ ಹರಳಿನ ಕಾಂತೀಯ ವ್ಯತ್ಯಾಸದ ಬಗ್ಗೆಯೇ ಪ್ರಬಂಧ ಪ್ರಕಟಿಸಿದರು. ಗುರು ಹಿಡಿದಿದ್ದ ಹಾದಿಯಿಂದ ತಪ್ಪಿಸಿಕೊಳ್ಳಲು ಯಾರಾದರೂ ಅದೇ ಹಾದಿಯಲ್ಲಿ ನಡೆಯುತ್ತಾರೆಯೇ? (ಕೃಷ್ಣನ್ ಅಭಿಮಾನಿಗಳಲ್ಲಿ ಹರಳುಗಳ ಕಾಂತತ್ವವನ್ನೆಲ್ಲ ಅವರೊಬ್ಬರ ಸೃಷ್ಟಿ ಎನ್ನುವವರಿಗೂ ಇದೇ ಉತ್ತರ. ನಾನೂ ಅಭಿಮಾನಿಯೇ; ಆದರೆ ಅಭಿಮಾನ ಆಧಾರವಾಗದು.)

ಕೃಷ್ಣನ್ ಅವರದೇ ಆದದ್ದು ಪ್ರಶ್ನೆಯನ್ನು ಬಿಡದೆ ಬೆಳೆಸಿದ ಹಟ ಮತ್ತು ಅಳತೆಯ ನಿಖರತೆ. ಸಾವಯವ ಹರಳುಗಳಿಂದ ಲೋಹದ ಲವಣಗಳಿಗೆ, ಅಲ್ಲಿಂದ ಗ್ರ್ಯಾಫೈಟಿಗೆ ಅವರು ಇದೇ ಪ್ರಶ್ನೆಯನ್ನು ಒಯ್ದರು. ಗ್ರ್ಯಾಫೈಟಿನ ಪದರಗಳಿಗೆ ಲಂಬವಾದ ದಿಕ್ಕಿನಲ್ಲಿ ಕಾಂತಕ್ಷೇತ್ರಕ್ಕೆ ಒದಗುವ ವಿಕರ್ಷಣೆ ಅಸಾಧಾರಣವಾಗಿ ಹೆಚ್ಚು. ಅದನ್ನು ಪದರಗಳಲ್ಲಿ ಓಡಾಡುವ ಸ್ವತಂತ್ರ ಎಲೆಕ್ಟ್ರಾನುಗಳಿಗೆ ತಳಕು ಹಾಕಿ ಗಂಗೂಲಿ ಅವರೊಂದಿಗೆ 1941ರಲ್ಲಿ ಪ್ರಬಂಧ ಪ್ರಕಟಿಸಿದರು. 1927ರ ಬೆಂಜೀನಿನಿಂದ 1941ರ ಗ್ರ್ಯಾಫೈಟ್‌ವರೆಗೆ ಇಂಗಾಲದ ಚಪ್ಪಟೆ ಉಂಗುರ ತನ್ನ ಸಮತಲಕ್ಕೆ ಅಡ್ಡವಾಗಿ ಕಾಂತಕ್ಷೇತ್ರಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬ ಒಂದೇ ಎಳೆ ಸಾಗಿಬಂದಿದೆ. 1928 ಈ ಎಳೆಯ ನಡುವಿನ ಒಂದು ವರ್ಷ. ಅದನ್ನು ಗಡಿಗಲ್ಲು ಮಾಡುವ ಜೀವನಚರಿತ್ರೆ ರಾಮನ್ ಪರಿಣಾಮದ ಇತಿಹಾಸಕ್ಕೆ ಒಪ್ಪೀತು, ಕೃಷ್ಣನ್ ಅವರ ಇತಿಹಾಸಕ್ಕಲ್ಲ.