ನಿಸಿಧಿ, ಸಮಾಧಿ, ಗದ್ದುಗೆ: ಮರಣಸ್ಮಾರಕಗಳ ಹೆಸರುಗಳನ್ನು ಕುರಿತು

ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಛತ್ರಪತಿ ಶಿವಾಜಿಯ ತಂದೆ ಷಹಾಜಿ ಭೋಂಸಲೆಯ ಸ್ಮಾರಕವಿದೆ. 1664ರ ಜನವರಿಯಲ್ಲಿ ಈ ಪರಿಸರದಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಷಹಾಜಿ ಮೃತನಾದನು. ಸ್ಮಾರಕವನ್ನು ಸಮಾಧಿಯೆಂದೂ ಗೋರಿಯೆಂದೂ ಕರೆಯುವುದು ರೂಢಿ. ಆದರೆ ಮರಾಠ ರಾಜಮನೆತನಗಳಲ್ಲಿ ದಹನವೇ ಸಂಪ್ರದಾಯವಾದುದರಿಂದ ಇದು ಶವವನ್ನು ಹೂಳಿದ ಗೋರಿಯಲ್ಲ; ಮರಣಸ್ಥಾನದ ಗುರುತು. ಹೊನ್ನಾಳಿಯ ಹಿರೇಕಲ್ಮಠದ ಚನ್ನಪ್ಪಸ್ವಾಮಿಗಳ ಗದ್ದುಗೆಯಾದರೋ ಬೇರೆಯ ಜಾತಿಯದು. ವೀರಶೈವರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿಯೇ ಭೂಮಿಗೆ ಒಪ್ಪಿಸುವುದರಿಂದ ಗದ್ದುಗೆಯೆಂಬುದು ದೇಹವಿರುವ ಸ್ಥಾನವೇ ಸರಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ 1739ರಲ್ಲಿ ಜನಿಸಿದರೆಂದು ಬಂಜಾರರು ನಂಬುವ ಸಂತ ಸೇವಾಲಾಲರ ಸಮಾಧಿ ಇರುವುದು ದೂರದ ಪೋಹರಾದೇವಿಯಲ್ಲಿ. ಜನ್ಮಸ್ಥಾನವೂ ಇಲ್ಲಿ ಸಮಾಧಿಗೆ ಸಮನಾದ ಪೂಜೆಯನ್ನು ಪಡೆಯುತ್ತಿದೆ. ಜಗಳೂರು 1997ರವರೆಗೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೂ ಪ್ರಾಚೀನವಾದ ನಿದರ್ಶನವಿದೆ. ಅಲ್ಲಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳು ಬೆಳಕಿಗೆ ಬಂದವು.

ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವ ವಾಡಿಕೆಯಿಂದ ಹೆಚ್ಚು ಹಾನಿಯಾಗಿರುವುದು ಜೈನರ ನಿಸಿಧಿಗಳಿಗೆ. ನಿಸಿಧಿಯನ್ನು 'ಜೈನರ ಗೋರಿ' ಎಂದು ಬರೆದುಕೊಂಡವರು ಆ ಶಾಸನ ಹೇಳುವ ಮುಖ್ಯ ಸಂಗತಿಯನ್ನೇ ಕಳೆದುಕೊಳ್ಳುತ್ತಾರೆ.

'ನಿಸಿಧಿ', 'ನಿಸಿದಿಗೆ', 'ನಿಷಿಧಿ' ಎಂಬ ರೂಪಗಳ ಮೂಲ ಪ್ರಾಕೃತದ 'ಣಿಸೀಹಿಯಾ'. ಖಾರವೇಲನ ಹಾಥಿಗುಂಫಾ ಶಾಸನದಲ್ಲಿಯೇ ಈ ಪದದ ಒಂದು ರೂಪ ಪ್ರಯುಕ್ತವಾಗಿದೆ. ಶಿವಾರ್ಯನ ಭಗವತೀ ಆರಾಧನೆಯ 'ವಿಜಹಣಾ' ಪ್ರಕರಣದಲ್ಲಿ ನಿಷೀಧಿಕೆಯೆಂದರೆ ಕ್ಷಪಕನ ದೇಹವನ್ನಿರಿಸುವ ಸ್ಥಾನ. ಅದು ಏಕಾಂತವೂ ಬೆಳಕುಳ್ಳದ್ದೂ ಆಗಿರಬೇಕು. ಅತಿದೂರವೂ ಅತಿಸಮೀಪವೂ ಆಗಿರಬಾರದು. ವಸತಿಯಿಂದ ನೈಋತ್ಯಕ್ಕೋ ದಕ್ಷಿಣಕ್ಕೋ ಪಶ್ಚಿಮಕ್ಕೋ ಇದ್ದರೆ ಪ್ರಶಸ್ತ. ಗ್ರಂಥೋಕ್ತವಾದ ಈ ಅರ್ಥವನ್ನು ನೋಡಿದವರಿಗೆ ನಿಸಿಧಿಯೂ ಒಂದು ಬಗೆಯ ಶ್ಮಶಾನವೇ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಕರ್ನಾಟಕದ ಶಾಸನಗಳಲ್ಲಿ ಪದ ಬೇರೆಯ ದಾರಿ ಹಿಡಿದಿದೆ. ಇಲ್ಲಿ ಶಿಷ್ಯನೋ ಮಗನೋ ಪತಿಯೋ 'ಪರೋಕ್ಷವಿನಯ'ಕ್ಕಾಗಿ, ಎಂದರೆ ಕಣ್ಮರೆಯಾದವರಿಗೆ ಸಲ್ಲಿಸುವ ಗೌರವವಾಗಿ, ಕಲ್ಲನ್ನು ನಿಲ್ಲಿಸುತ್ತಾನೆ. ಕಲ್ಲಿನ ಕೆಳಗೆ ದೇಹವಿರಬೇಕೆಂಬ ನಿಯಮವಿಲ್ಲ. ಮರಣವು ಅಲ್ಲಿಯೇ ಸಂಭವಿಸಿರಬೇಕೆಂದೂ ಇಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವ ಸ್ತಂಭದ ಶಾಸನ ಗಂಗ ಮಾರಸಿಂಹನ ಸಲ್ಲೇಖನವನ್ನು ಹೇಳುತ್ತದೆ. ಅವನು ಮೂರು ದಿನಗಳ ವ್ರತವನ್ನಾಚರಿಸಿ ಮುಡಿಪಿದ್ದು ಸುಮಾರು 974ರಲ್ಲಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ, ಬಂಕಾಪುರದಲ್ಲಿ. ಕಂಬವನ್ನು ನೋಡಿ ಮರಣಸ್ಥಾನವನ್ನು ನಿರ್ಧರಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

'ಸಮಾಧಿ' ಶಬ್ದದ ಕತೆಯೂ ಇಂಥದೇ. ಜೈನ ಶಾಸನಗಳಲ್ಲಿ ಸಮಾಧಿಯೆಂಬುದು ಕಟ್ಟಡವಲ್ಲ, ಮರಣದ ವಿಧಾನ. ಸಮಾಧಿವಿಧಿಯಿಂದ ಮುಡಿಪಿದನೆಂದರೆ ಕಷಾಯಗಳನ್ನು ಕೃಶಗೊಳಿಸಿ, ಆಹಾರವನ್ನು ಕ್ರಮವಾಗಿ ತ್ಯಜಿಸಿ, ಎಚ್ಚರದಿಂದ ದೇಹವನ್ನು ಬಿಟ್ಟನೆಂದು ಅರ್ಥ. ಹೊದಿಗೆರೆಯ ಸಮಾಧಿಗೂ ಈ ಸಮಾಧಿಗೂ ಅಕ್ಷರಗಳ ಹೊರತು ಸಾಮ್ಯವಿಲ್ಲ. ಬೇಟೆಯ ಆಕಸ್ಮಿಕ ಮರಣವೆಲ್ಲಿ, ವ್ರತಪೂರ್ವಕವಾದ ಮರಣವೆಲ್ಲಿ!

ಗೃಹಸ್ಥರ ನಿಸಿಧಿಗಳು ಒಂದೆಡೆ ಸಮೂಹವಾಗಿ ದೊರೆಯುವುದನ್ನು ಕಾಣಬೇಕಾದರೆ ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಸೇರಿದ್ದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಹಿರೇಆವಲಿಯನ್ನು ನೋಡಬೇಕು. ವಿಜಯನಗರದ ಕಾಲದಲ್ಲಿ ಅಲ್ಲಿನ ಗೌಡ ಮನೆತನಗಳ ಗಂಡಸರೂ ಹೆಂಗಸರೂ ಈ ವ್ರತವನ್ನು ಕೈಗೊಂಡುದಕ್ಕೆ ಸಾಲುಸಾಲಾಗಿ ನಿಸಿಧಿಗಳು ಸಾಕ್ಷಿಯಾಗಿವೆ. ನೋಟಕ್ಕೆ ಅದು ಗೋರಿಗಳ ಬಯಲಿನಂತೆಯೇ ಕಂಡೀತು. ಓದಿದರೆ ದೊರೆಯುವುದು ಗುರುಗಳ ಹೆಸರು, ತಿಥಿವಾರ, ಮನೆತನ, ವ್ರತದ ಕ್ರಮ. ಇದೇ ಸೀಮೆಯ ಬೆಳಗುತ್ತಿಯಲ್ಲಿರುವಂಥ ವೀರಗಲ್ಲುಗಳು ಯುದ್ಧದಲ್ಲಿ ಮಡಿದವರ ಹೆಸರನ್ನು ಉಳಿಸಿದರೆ, ನಿಸಿಧಿಗಳು ತಮ್ಮ ಮನೆಯಂಗಳದಲ್ಲೇ ಮರಣವನ್ನು ಎದುರುಗೊಂಡವರ ಹೆಸರನ್ನೂ ಉಳಿಸಿವೆ. ಗೌಡತಿಯೊಬ್ಬಳ ಹೆಸರು ಬೇರಾವ ದಾಖಲೆಯಲ್ಲಿ ಉಳಿದೀತು?

ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಇದರ ಪ್ರಯೋಜನ ಅಲ್ಪವಲ್ಲ. ಆಚಾರಸಾರದ ಕರ್ತೃ ವೀರನಂದಿ ತನ್ನ ಗುರು ಮೇಘಚಂದ್ರನೆಂದು ಹೇಳಿಕೊಂಡಿದ್ದಾನೆ. ಮೇಘಚಂದ್ರ ತ್ರೈವಿದ್ಯದೇವನು ಮುಡಿಪಿದ್ದು ಶಕ 1037ರ ಮನ್ಮಥ ಸಂವತ್ಸರದಲ್ಲಿ, ಕ್ರಿ.ಶ. 1115ರಲ್ಲಿ, ಎಂಬುದು ಶ್ರವಣಬೆಳಗೊಳದ ನಿಸಿಧಿ ಶಾಸನದಿಂದ ತಿಳಿಯುತ್ತದೆ; ದಂಡನಾಯಕ ಗಂಗರಾಜನ ಹೆಸರೂ ಆ ನಿಸಿಧಿಯೊಡನೆ ಬಂದಿದೆ. ಗ್ರಂಥ ಕೊಡುವ ಗುರುವಿನ ಹೆಸರಿಗೆ ಕಲ್ಲು ಕಾಲವನ್ನು ಜೋಡಿಸುತ್ತದೆ. ಆದರೆ ಅದು ಗುರು ಮುಡಿಪಿದ ಕಾಲವೇ ಹೊರತು ಕಲ್ಲು ಕಂಡರಿಸಿದ ಕಾಲವೆಂದು ಹೇಳಲಾಗದು. ಎರಡರ ನಡುವೆ ಅಂತರವಿರುವುದು ಸಾಧ್ಯ.

ರೈಸ್ ಅವರು ಹೊನ್ನಾಳಿ, ಚನ್ನಗಿರಿಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿಯೂ ಜಗಳೂರಿನವನ್ನು 11ನೆಯ ಸಂಪುಟದಲ್ಲಿಯೂ ಪ್ರಕಟಿಸಿದರು. 2018ರಲ್ಲಿ ಕಾರ್ಯಾರಂಭಿಸಿದ ನ್ಯಾಮತಿ ತಾಲ್ಲೂಕಿನ ಊರುಗಳನ್ನು ಆ ಸಂಪುಟದ ಹೊನ್ನಾಳಿ ಭಾಗದಲ್ಲಿಯೇ ಹುಡುಕಬೇಕು. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಹೊಸದಾಗಿ ಕಲ್ಲೊಂದು ದೊರೆತರೆ, ಮೇಲಿನ ಪಟ್ಟಿಕೆಯಲ್ಲಿ ಜಿನಬಿಂಬವಿದೆಯೇ, ಕೆಳಗೆ ವ್ರತಿಯ ಮುಂದೆ ವ್ಯಾಸಪೀಠವೂ ಗುರುವೂ ಇದ್ದಾರೆಯೇ ಎಂಬುದನ್ನು ಮೊದಲು ನೋಡಿ, ಅಕ್ಷರಗಳ ಪಡಿಯಚ್ಚು ತೆಗೆದು, ಅನಂತರವೇ ಅದಕ್ಕೆ ಹೆಸರಿಡುವುದು ಯುಕ್ತ.