ಪದ ಪರಿಚಯ: ಫೋಕಸ್

ಲ್ಯಾಟಿನ್ ಭಾಷೆಯಲ್ಲಿ ‘ಫೋಕಸ್’ ಎಂದರೆ ಒಲೆ. ಮಸೂರ ಬಿಸಿಲನ್ನು ಕೂಡಿಸಿದ ಕಡೆ ಬೆಂಕಿ ಹೊತ್ತುತ್ತದಲ್ಲ! ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲಿ ಈ ಪದವನ್ನು ಗಣಿತಕ್ಕೆ ತಂದ. ನಮ್ಮ ಪಠ್ಯಪುಸ್ತಕಗಳಲ್ಲಿ ಇದು ‘ಸಂಗಮ’; ಕ್ಯಾಮೆರಾ ಹಿಡಿದವರ ಬಾಯಲ್ಲಿ ‘ಫೋಕಸ್ ಕೂತಿದೆ’, ‘ಫೋಕಸ್ ಹೋಗಿದೆ’.

ಈ ಪದದ ನಿಜವಾದ ಬೆಲೆ ತಿಳಿಯುವುದು, ದೂರದ್ದನ್ನು ಕನ್ನಡಿಗಳ ನೆರವಿನಿಂದ ಹತ್ತಿರ ತೋರಿಸುವ ಮಿರರ್ ಟೆಲಿಫೋಟೊ ಲೆನ್ಸಿನಲ್ಲಿ. 500 ಮಿ.ಮೀ. ಲೆನ್ಸಾದರೆ ಅಪರ್ಚರ್ ಸಾಮಾನ್ಯವಾಗಿ ಎಫ್/8ಕ್ಕೇ ಸ್ಥಿರ. ಹೆಚ್ಚಿನವಕ್ಕೆ ಆಟೋಫೋಕಸ್ ಇಲ್ಲ. ಟ್ರೈಪಾಡ್ ಮೇಲಿಟ್ಟು, ಲೈವ್ ವ್ಯೂನಲ್ಲಿ ಹಕ್ಕಿಯ ಕಣ್ಣನ್ನು ಹಿಗ್ಗಿಸಿ ನೋಡುತ್ತ, ರಿಂಗನ್ನು ಕೂದಲೆಳೆಯಷ್ಟು ತಿರುಗಿಸಬೇಕು. ನಡುವಿನ ಕಿರುಗನ್ನಡಿ ಬೆಳಕನ್ನು ತಡೆಯುವುದರಿಂದ, ಫೋಕಸ್ ತಪ್ಪಿದ ಹೊಳಪು ಉದ್ದಿನವಡೆಯಂತೆ ಉಂಗುರವಾಗುತ್ತದೆ. ಕಣ್ಣಿನ ಹೊಳಪು ಚುಕ್ಕಿಯಾಗಿ ನಿಂತಾಗಲೇ ಕ್ಲಿಕ್ಕಿಸಿ.